ತೊಟ್ಟಿಲಿನ ಪುಡಿ

"ಇವಳಿಗೆ ಸರಿಯಾಗಿ ಬೈದು ಹೋಗು ತಾಯಿ," ಎಂದಳು ಬೂಬೂಸಾರಾ, ನರ್ಸ್ ಕುಂದುಜ್ ಜಮಖಾನದ ಮೇಲೆ ಕೂರುವ ಮೊದಲೇ. "ನನ್ನ ಮಾತಂತೂ ಕಿವಿಗೆ ಹಾಕ್ಕೊಳಲ್ಲ. ನೀನು ಹೇಳಿದ್ರಾದ್ರೂ ಬಾಯಿ ಕಟ್ತಾಳೇನೋ."

ಅಂಗಳದಲ್ಲಿ ತಂದೂರ್ ಒಲೆಯ ಗೋಡೆಗೆ ರೊಟ್ಟಿ ಅಂಟಿಸುತ್ತಿದ್ದ ಮಗಳು ಜಿಪಾರಳಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ್ದಳು. ಜಿಪಾರಳಿಗೆ ಇಪ್ಪತ್ತೊಂಬತ್ತು ವರ್ಷ, ನೂರ ಹನ್ನೆರಡು ಕಿಲೋ. ಹತ್ತಿಹೊಲಗಳಿಗೆ ಔಷಧಿ ಚೆಲ್ಲುವ ವಿಮಾನಗಳು ಹಿಂದೆ ಇಳಿಯುತ್ತಿದ್ದ ಮೈದಾನದ ಸುತ್ತಮುತ್ತಲಿನ ಹೆಂಗಸರ ರಕ್ತವನ್ನು, ಈ ತಾಯಿ ಮಗಳದೂ ಸೇರಿಸಿ, ಎರಡು ತಿಂಗಳ ಹಿಂದೆ ಪಟ್ಟಣದ ಡಾಕ್ಟರುಗಳು ಬಂದು ತೆಗೆದುಕೊಂಡು ಹೋಗಿದ್ದರು. ಅದರ ವರದಿ ಈಗ ಕುಂದುಜ್‌ಳ ಚೀಲದಲ್ಲಿತ್ತು.

ಬೂಬೂಸಾರಾಳ ನಾಲಿಗೆ ಎಂಥದೆಂದು ಊರಿಗೇ ಗೊತ್ತು. ಕಳೆದ ವಾರ ಮೈದುನನ ಮನೆಯ ಮದುವೆಯಲ್ಲಿ ಮಾಂಸದ ತಟ್ಟೆ ಜಿಪಾರಳ ಮುಂದೆ ಬಂದಾಗ, ನಲವತ್ತು ಜನರ ಎದುರಿಗೇ ಅದನ್ನು ತನ್ನ ಕಡೆಗೆ ಎಳೆದುಕೊಂಡು, "ಇವಳನ್ನ ಹೊರೋ ಕುದುರೆ ಇನ್ನೂ ಹುಟ್ಟಿಲ್ಲ, ಅದು ಹುಟ್ಟೋ ತನಕ ತಡೀರಿ" ಅಂದಿದ್ದಳು. ಎಲ್ಲರೂ ನಕ್ಕರು. ಜಿಪಾರಳೂ ನಕ್ಕಳು, ಪಾಪ, ನಗದೆ ಏನು ಮಾಡಿಯಾಳು. ಮನೆಯ ರೊಟ್ಟಿಪೆಟ್ಟಿಗೆಗೆ ಬೀಗ ಬಿದ್ದು ಹದಿನೈದು ವರ್ಷವಾಗಿತ್ತು. ಕದ್ದು ತಿಂದಿಲ್ಲವೆಂದು ಹುಡುಗಿ ಎಷ್ಟು ಆಣೆ ಇಟ್ಟರೂ ತಾಯಿಯದು ಒಂದೇ ಮಾತು: ಗಾಳಿ ಕುಡಿದು ಯಾರಾದರೂ ಹೀಗೆ ಊದುತ್ತಾರೆಯೇ?

ಕುಂದುಜ್ ಬೈಯಲಿಲ್ಲ. ಕಾಗದ ತೆಗೆದು, "ದೊಡ್ಡಮ್ಮ, ಇವಳು ಹುಟ್ಟೋ ಹೊತ್ತಿಗೆ ಮನೇಲಿ ಡಿ.ಡಿ.ಟಿ. ಪುಡಿ ಇತ್ತಾ?" ಎಂದು ಕೇಳಿದಳು.

"ಯಾರ ಮನೇಲಿ ಇರಲಿಲ್ಲ ಹೇಳು." ಬೂಬೂಸಾರಾಳಿಗೆ ನಗು ಬಂತು. "ಆಗ ಸೋಪಿಗೂ ಗತಿ ಇರಲಿಲ್ಲ. ಮೈದಾನದ ಪಕ್ಕದಲ್ಲಿ ಸರ್ಕಾರದವರು ಬೇಡ ಅಂತ ಹೂತಿದ್ದನ್ನ ಇವಳಪ್ಪ ಅಗೆದು ಒಂದು ಮೂಟೆ ತಂದಿದ್ರು. ಬಸುರೀಲಿ ನನ್ನ ತಲೆಗೂ ಹಾಕ್ಕೊಂಡೆ, ಹೇನು ಅಂತ. ಇವಳು ಹುಟ್ಟಿದ ಮೇಲೆ ತೊಟ್ಟಿಲಿಗೆ, ಹಾಸಿಗೆ ಕೆಳಗೆ, ದಿನಾ ಉದುರಿಸ್ತಿದ್ದೆ, ರೊಟ್ಟಿಗೆ ಹಿಟ್ಟು ಉದುರಿಸಿದ ಹಾಗೆ. ಈ ಕೇರೀಲೇ ತಿಗಣೆ ಕಚ್ಚದ ಕೂಸು ಅಂದ್ರೆ ಇವಳೊಬ್ಬಳೇ."

ಹೆಮ್ಮೆಯಿಂದಲೇ ಹೇಳಿದಳು. ಕುಂದುಜ್ ಕಾಗದವನ್ನು ಅವಳ ಕಡೆಗೆ ತಿರುಗಿಸಿದಳು.

"ಆ ಪುಡಿ ನಿಮ್ಮಿಬ್ಬರ ರಕ್ತದಲ್ಲೂ ಇನ್ನೂ ಇದೆ, ದೊಡ್ಡಮ್ಮ. ಹೊಟ್ಟೇಲಿದ್ದಾಗ, ಹಾಲು ಕುಡಿಯೋವಾಗ ಅದು ಕೂಸಿನ ಮೈಗೆ ಸೇರಿದ್ರೆ ಹಾರ್ಮೋನು ಹದ ತಪ್ಪಬಹುದಂತೆ. ಕೆಲವರಿಗೆ ತಿಂದದ್ದು ಸ್ವಲ್ಪವೇ ಆದ್ರೂ ಕೊಬ್ಬಾಗಿ ಕೂರುತ್ತಂತೆ. ಎಲ್ಲರಿಗೂ ಹಾಗಾಗಲ್ಲ. ಇವಳಿಗೆ ಅದರಿಂದಲೇ ಆಯ್ತು ಅಂತ ಖಂಡಿತವಾಗಿ ಹೇಳೋಕೂ ಆಗಲ್ಲ. ಆದ್ರೆ ಬರೀ ಬಾಯಿಚಪಲ ಅಂತ ಹೇಳೋದಂತೂ ತಪ್ಪು."

ಮದುವೆಮನೆಯ ನಲವತ್ತು ಜನರ ನಗು ಈಗ ಬೂಬೂಸಾರಾಳ ಮೇಲೇ ತಿರುಗಿದಂತಾಯಿತು. ಅಷ್ಟು ಜನರ ಎದುರು ತಾನೇ ಆಡಿದ ಮಾತು ನೆನೆದು ಅವಳಿಗೆ ಮೈ ಹಿಡಿಯಾಗುವಷ್ಟು ನಾಚಿಕೆಯಾಯಿತು, ತಲೆಗೆ ಕಟ್ಟಿದ ವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು.

"ಅವಳಿಗೆ ಹೇಳಬೇಡ," ಎಂದಳು ಸಣ್ಣ ದನಿಯಲ್ಲಿ. "ನಿನ್ನ ಕಾಲಿಗೆ ಬೀಳ್ತೀನಿ."

"ಅವಳ ರಕ್ತ, ಅವಳ ಕಾಗದ. ಹೇಳ್ದೆ ಹೇಗಿರಲಿ? ನೀವು ಹೇಳ್ತೀರೋ, ನಾನು ಹೇಳ್ಲೋ?"

ಅಷ್ಟರಲ್ಲಿ ಜಿಪಾರ್ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಬಂದಳು. ಬೈಗುಳ ಕೇಳಲು ಸಿದ್ಧಳಾದವಳಂತೆ ಗೋಡೆಗೆ ಒರಗಿ ಕೂತಳು. ಬೂಬೂಸಾರಾ ಮಗಳ ಮುಖ ನೋಡದೆ, ಜಮಖಾನದ ನೂಲು ಕೀಳುತ್ತ, ಪುಡಿಯ ಕಥೆಯನ್ನೂ ಕಾಗದದ ಕಥೆಯನ್ನೂ ಹೇಳಿದಳು. ಕೊನೆಗೆ, "ನಾನೇ ಹಾಕಿದ್ದು ಕಣೆ, ಈ ಕೈಯಲ್ಲೇ," ಎಂದಳು.

ಜಿಪಾರ್ ರೊಟ್ಟಿಯ ಗಂಟನ್ನು ತಾಯಿಯ ಮುಂದೆ ಇಟ್ಟಳು.

"ತಿಗಣೆ ಕಚ್ಚಬಾರದು ಅಂತ ತಾನೇ ಹಾಕಿದ್ದು. ಪುಡಿ ವಿಷಯ ಬಿಡವ್ವ," ಎಂದಳು ಆಮೇಲೆ. "ಕದ್ದು ತಿಂದಿಲ್ಲ, ಕದ್ದು ತಿಂದಿಲ್ಲ ಅಂತ ಹದಿನೈದು ವರ್ಷ ಹೇಳಿದ್ನಲ್ಲ. ಅದನ್ನ ನಂಬೋಕೆ ನನ್ನ ರಕ್ತ ತೆಗೆದು ನೋಡಬೇಕಾಯ್ತಾ ನಿನಗೆ?"

 

ಬಂದವರು ರೊಟ್ಟಿ ಬಾಯಿಗಿಡದೆ ಆ ಮನೆಯಿಂದ ಹೋಗುವಂತಿಲ್ಲ. ಬೂಬೂಸಾರಾ ಬಟ್ಟೆ ಬಿಚ್ಚಿ ರೊಟ್ಟಿ ಮುರಿದಳು. ಕುಂದುಜ್‌ಳ ಮುಂದೆ ಒಂದು ತುಂಡಿಟ್ಟು, ಎಲ್ಲಕ್ಕಿಂತ ದೊಡ್ಡ ತುಂಡನ್ನು ಬೆಣ್ಣೆಯ ಬಟ್ಟಲಿನ ಜೊತೆ ಮಗಳ ಮುಂದೆ ಸರಿಸಿದಳು. "ತಿನ್ನು," ಎಂದಳು.

ಜಿಪಾರ್ ಒಮ್ಮೆ ತಾಯಿಯ ಮುಖ ನೋಡಿದಳು. ಉಗುರಿನಷ್ಟು ಮುರಿದುಕೊಂಡು, ಉಳಿದದ್ದನ್ನು ಮೆಲ್ಲಗೆ ಕುಂದುಜ್‌ಳ ಕಡೆಗೆ ದೂಡಿದಳು.