ನುಂಗಿದ ಏಟುಗಳು

ಹಾಡು ಮುಗಿಯುವ ಹೊತ್ತಿಗೆ ಡ್ರಮ್ಮರನ ಮುಖ ಗಂಟಿಕ್ಕಿತ್ತು. ಸ್ಟುಡಿಯೋದ ಸ್ಪೀಕರಿನಿಂದ ಬಂದ ಒಂದೊಂದು ಏಟೂ ಸರಿಯಾಗಿತ್ತು. ಅದೇ ಅವನಿಗೆ ಸರಿಬರಲಿಲ್ಲ.

ಅವತ್ತು ಮೈದಾನದ ಕಾನ್ಸರ್ಟಿನಲ್ಲಿ, ವೇದಿಕೆಯ ಮೇಲೆ, ಇದೇ ಹಾಡಿನ ಓಟಕ್ಕೆ ಎಡಗೈ ಮಣಿಕಟ್ಟು ನೋವಿನಿಂದ ಸೆಟೆದುಕೊಂಡು, ಅವನು ಎರಡು ಏಟಿಗೊಂದು ಏಟು ಬಾರಿಸದೆ ನುಂಗಿದ್ದ. ಗಿಟಾರುಗಳ ಅಬ್ಬರದಲ್ಲಿ ಯಾರಿಗೂ ಗೊತ್ತಾಗಿಲ್ಲವೆಂದೇ ನಂಬಿದ್ದ. ನೋವಿನ ವಿಷಯ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೆವಿ ಮೆಟಲ್ ಬ್ಯಾಂಡಿನಲ್ಲಿ ಕೈ ಸೋತವನಿಗೆ ಜಾಗವೆಲ್ಲಿ? ಈಗ ಆ ಕಾನ್ಸರ್ಟಿನದೇ ಆಲ್ಬಮ್ ತಯಾರಾಗುತ್ತಿತ್ತು. ಅವತ್ತು ನುಂಗಿದ ಏಟುಗಳೆಲ್ಲ ಅದರಲ್ಲಿ ಕೇಳಿಸುತ್ತಿದ್ದವು.

ಯಾರು ಬಾರಿಸಿದ್ದು? ಕೇಳಬೇಕೆಂದರೆ ತನ್ನ ಕೈಯ ಗುಟ್ಟನ್ನು ತಾನೇ ಬಿಚ್ಚಿಡಬೇಕು.

"ಹೇಗಿದೆಯಪ್ಪಾ?" ಎಂದ ಅಕ್ಕನ ಗಂಡ. ಬ್ಯಾಂಡ್ ಕಟ್ಟಿದವನೂ ಗಿಟಾರಿನವನೂ ಅವನೇ.

"ಚೆನ್ನಾಗಿದೆ ಭಾವ. ಸ್ವಲ್ಪ ಜಾಸ್ತೀನೇ ಚೆನ್ನಾಗಿದೆ."

"ನಿನ್ನನ್ನ ನೀನೇ ಹೊಗಳಿಕೊಳ್ಳೋದು ಯಾವಾಗಿಂದ ಶುರುವಾಯ್ತೋ?"

ಸೌಂಡ್ ಇಂಜಿನಿಯರ್ ನಗಲಿಲ್ಲ. ಪರದೆಗೆ ಕಣ್ಣು ನೆಟ್ಟು ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಿದ್ದ. ಅದೂ ಡ್ರಮ್ಮರನ ಕಣ್ಣಿಗೆ ಬಿತ್ತು. ಮೊನ್ನೆ ಅಕ್ಕ ಫೋನಿನಲ್ಲಿ ಕೈ ಹೇಗಿದೆ ಅಂದಿದ್ದಳು. ಊಟ ಆಯಿತಾ ಎಂದಷ್ಟೇ ಕೇಳುವವಳಿಗೆ ಕೈಯ ಸುದ್ದಿ ಏಕೆ ಬಂತು? ಇನ್ನೊಂದು ಬ್ಯಾಂಡಿಗೆ ಡ್ರಮ್ ಬಾರಿಸುವ ಗುಂಗುರುಕೂದಲಿನವನ ಬೈಕು ಈ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದೇಕೆ?

"ಗುಂಗುರು ಬಾರಿಸಿದ್ನಾ?" ಮಾತು ಜಾರಿಯೇ ಹೋಯಿತು.

"ಏನನ್ನ?"

"ನಾನು ಬಾರಿಸದೆ ಬಿಟ್ಟಿದ್ದನ್ನ."

ಭಾವ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ. "ಇಷ್ಟು ವರ್ಷ ನಿನ್ನ ಮುಂದೆ ನಿಂತು ನುಡಿಸಿದೀನಿ. ನಂಗೇನು ಕಿವಿ ಇಲ್ವಾ? ಗುಂಗುರು ಬಂದಿದ್ದು ಅವನ ಹಳೇ ಸ್ಪೀಕರ್ ತಗೊಂಡು ಹೋಗೋಕೆ. ಈ ಏಟು ನಿಂದೇ ಕಣೋ. ಆಚೆ ವರ್ಷ ಪ್ರಾಕ್ಟೀಸಲ್ಲಿ ರೆಕಾರ್ಡ್ ಮಾಡ್ಕೊಂಡಿದ್ವಲ್ಲ, ಅದ್ರಿಂದ ತೆಗೆದು ಇಲ್ಲಿ ಕೂರಿಸಿದ್ವಿ."

ಎದೆ ಹಗುರವಾಗಬೇಕಿತ್ತು, ಆಗಲಿಲ್ಲ. ಇಷ್ಟು ಹೊತ್ತು ಅವನು ಕರುಬಿದ್ದು ತನ್ನದೇ ಹಳೆಯ, ನೋವಿಲ್ಲದ ಕೈಯನ್ನು ಕಂಡು.

"ಮುಂದಿನ ಕಾನ್ಸರ್ಟಿಗೆ ಎಲ್ಲಿಂದ ತೆಗೆದು ಕೂರಿಸ್ತೀರಾ ಭಾವ?"

ಭಾವ ಇಂಜಿನಿಯರನ ಕಡೆ ನೋಡಿದ. ಅವನು ಹಾಡಿನ ಕೊನೆಯ ತುಣುಕನ್ನು ಮತ್ತೆ ಹಾಕಿ, ಶಬ್ದ ಏರಿಸಿದ. ಕಿಟಕಿಯಿಲ್ಲದ ಆ ಪುಟ್ಟ ಕೋಣೆಯಲ್ಲಿ ಸಾವಿರಾರು ಜನ ಒನ್ಸ್ ಮೋರ್, ಒನ್ಸ್ ಮೋರ್ ಎಂದು ಕೂಗುತ್ತಲೇ ಇದ್ದರು.