ಕೆಂಪು ಗೆರೆಯ ಆಚೆ

ನಾನು ಮೈಕ್ ಸೆಟ್ಟಿನ ಒಂದು ಆಂಪ್ಲಿಫೈಯರ್. ಹುಬ್ಬಳ್ಳಿಯ ಖಾಜಾಸಾಬರು ಹಳೇ ರೇಡಿಯೊಗಳ ವಾಲ್ವು ಜೋಡಿಸಿ, ತಗಡಿನ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿದರು. ಮದುವೆ, ಉರುಸು, ಚುನಾವಣೆ, ಎಲ್ಲಕ್ಕೂ ಬಾಡಿಗೆಗೆ ಹೋದೆ. ದನಿಯ ಗುಂಡಿಯ ಪಕ್ಕ ಅವರು ಕೆಂಪು ಗೆರೆ ಎಳೆದಿದ್ದರು. ಅದನ್ನು ದಾಟಿದರೆ ನಾನು ಸುಟ್ಟುಹೋಗಬಹುದಿತ್ತು.

ಆಮೇಲೆ ರೈಲ್ವೆ ವರ್ಕ್‌ಶಾಪಿನ ರೊಜಾರಿಯೊ ಮತ್ತು ಭರಮಪ್ಪ ನನ್ನನ್ನು ಒಯ್ದರು. ಅವರ ವಾದ್ಯತಂಡದ ಹೆಸರು ‘ರೆಡ್ ಸಿಗ್ನಲ್’. ಗಿಟಾರಿನ ರೊಜಾರಿಯೊ ಹಾಡುತ್ತಿದ್ದನೋ ಜಗಳಕ್ಕೆ ನಿಂತಿದ್ದನೋ ತಿಳಿಯುತ್ತಿರಲಿಲ್ಲ. ರಿವೆಟ್ ಬಡಿಯುವ ಭರಮಪ್ಪ ಡ್ರಮ್ಮನ್ನೂ ಹಾಗೆಯೇ ಬಡಿಯುತ್ತಿದ್ದ. ಮೊದಲ ತಾಲೀಮಿನಲ್ಲೇ ಗುಂಡಿ ಗೆರೆ ದಾಟಿತು. ನನ್ನ ದನಿ ಗರಗರ ಕೆರೆಯಿತು. ರೋಗ ಬಂತೆಂದು ಹೆದರಿದೆ.

“ಇದ ನೋಡಪಾ ನಮ್ಮ ದನಿ,” ಎಂದ ರೊಜಾರಿಯೊ.

ರೈಲ್ವೆ ಇನ್‌ಸ್ಟಿಟ್ಯೂಟಿನ ಡ್ಯಾನ್ಸಿನ ಸಂಜೆ ಬಂತು. ಒಳಗೆ ಸಾಹೇಬರ ಜೋಡಿಗಳು. ವರ್ಕ್‌ಶಾಪಿನ ಕೂಲಿಗಳು ಹೊರಗೆ, ಪಡಸಾಲೆಯ ಕಿಟಕಿಯಲ್ಲಿ. ಅಲ್ಲಿಯ ಪದ್ಧತಿಯೇ ಅದು. ಮೆತ್ತಗೆ ನುಡಿಸದಿದ್ದರೆ ಹಾಲ್ ಇನ್ನು ನಿಮಗಿಲ್ಲ ಎಂದು ಸೆಕ್ರೆಟರಿ ಮೊದಲೇ ಹೇಳಿದ್ದರು. ತಾಲೀಮಿಗೆ ತಂಡಕ್ಕೆ ಆ ಹಾಲ್ ಬಿಟ್ಟರೆ ಬೇರೆ ಜಾಗವಿರಲಿಲ್ಲ. ನನ್ನ ಚಿಂತೆಗೆ ಖಾಜಾಸಾಬರೂ ಬಂದು, ಗೆರೆಯ ಮೇಲೆ ಬೆರಳಿಟ್ಟು ಕೂತರು.

ಮೆತ್ತಗೇ ನಡೆಯಿತು. ಜೋಡಿಗಳು ತಿರುಗಿದವು. ಕಿಟಕಿಯಿಂದ ಯಾರೋ ಕೇಳಿದರು: “ಏ ಭರಮ್ಯಾ, ಸಾಹೇಬರ ಕಾಲು ಒತ್ತಾಕತ್ತೀಯೇನ?”

ಭರಮಪ್ಪನ ಕೈ ನಿಂತಿತು. ರೊಜಾರಿಯೊ ಖಾಜಾಸಾಬರನ್ನೇ ನೋಡಿದ. ಅವರು ನನ್ನ ತಗಡನ್ನೊಮ್ಮೆ ಸವರಿದರು.

“ಸುಟ್ರ ಸುಡ್ಲಿ,” ಎಂದು ತಾವೇ ಗುಂಡಿ ತಿರುವಿದರು.

ಗಿಟಾರು ಕೆರಳಿತು. ಜೋಡಿಗಳು ಗೋಡೆಗೆ ಸರಿದವು. ನನ್ನೊಳಗಿನ ಸುಟ್ಟ ವಾಸನೆ ನನಗೇ ಬಂತು. ಸೆಕ್ರೆಟರಿ ಮೇನ್ ಸ್ವಿಚ್ಚಿನ ಕಡೆ ನಡೆದರು. ಅವರು ಮುಟ್ಟುವುದರೊಳಗೆ ಹಾಡು ಮುಗಿಯಲೆಂದು ಬೇಡಿಕೊಂಡೆ. ಮುಗಿಯಲಿಲ್ಲ. ದೀಪ ಆರಿದವು, ನಾನೂ ಆರಿದೆ. ಭರಮಪ್ಪ ಮಾತ್ರ ನಿಲ್ಲಿಸಲಿಲ್ಲ. ಹೊರಗಿನವರು ಕಿಟಕಿಯ ಸರಳಿಗೆ ಬುತ್ತಿ ಡಬ್ಬಿ ಬಡಿದು ಅದೇ ಪೆಟ್ಟು ಹಿಡಿದರು. ಅದನ್ನು ಆರಿಸಲು ಸೆಕ್ರೆಟರಿಗೆ ಸ್ವಿಚ್ಚು ಸಿಗಲಿಲ್ಲ.

ಹಾಲ್ ಅವರಿಗೆ ಮುಚ್ಚಿತು, ತಂಡ ಒಡೆಯಿತು. ಅವರದೊಂದು ರೆಕಾರ್ಡೂ ಆಗಲಿಲ್ಲ. ಆದರೆ ಮರುವರ್ಷದ ಹೋಳಿಯಲ್ಲಿ ಓಣಿಯ ಹಲಗೆಗಳು ಭರಮಪ್ಪನ ಪೆಟ್ಟು ಬಡಿದವು. ಆ ಸಂಜೆಯ ಮಾತು ಕೇಳಿದ ಹುಡುಗರು ಗಿಟಾರು ಹಿಡಿದು, ಆ ಕೆರೆಯುವ ದನಿಯೇ ಬೇಕೆಂದು ಖಾಜಾಸಾಬರ ಅಂಗಡಿಗೆ ಬರತೊಡಗಿದರು. ಆಮೇಲೆ ಅವರು ಕಟ್ಟಿದ ಪೆಟ್ಟಿಗೆಗಳಲ್ಲಿ ಕೆಂಪು ಗೆರೆ ಇರಲಿಲ್ಲ.

ಈಗ ಖಾಜಾಸಾಬರಿಲ್ಲ. ನಾನು ಅಂಗಡಿಯ ಅಟ್ಟದಲ್ಲಿದ್ದೇನೆ, ನನ್ನ ವಾಲ್ವು ಹೊತ್ತುವುದಿಲ್ಲ. ಮೊನ್ನೆ ಗಿಟಾರಿನ ಹುಡುಗಿಯೊಬ್ಬಳು ಬಂದು, ಗಿಟಾರಿಗೆ ಸಿಕ್ಕಿಸಿದ ಅಂಗೈಯಗಲದ ಹೊಸ ಪೆಟ್ಟಿಗೆಯನ್ನು ಕಾಲಿನಿಂದ ಒತ್ತಿ ತಂತಿ ಮೀಟಿದಳು. ನಾನು ರೋಗವೆಂದು ಹೆದರಿದ್ದ ದನಿ ಕೆಳಗಿನಿಂದ ಎದ್ದು ಬಂತು. ಅಟ್ಟದ ಹಲಗೆ ನಡುಗಿತು. ನನ್ನ ಮೇಲಿನ ಧೂಳು ಉದುರಿತು.