ಗೋಸುಂಬೆಯ ಬಾಣಂತನ

ಬೆಕ್ಕು ಸಾಕುವವರಿದ್ದಾರೆ, ಗಿಳಿ ಸಾಕುವವರಿದ್ದಾರೆ. ನಮ್ಮ ಬಾಂಡುಂಗಿನ ಓಣಿಗಳಲ್ಲಿ ಹಕ್ಕಿಪಂಜರ ತೂಗುಹಾಕದ ಜಗಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಗೋಸುಂಬೆಯನ್ನು ಗೂಡಿನಿಂದ ಹೊರಗೆ ಬಿಟ್ಟು, ಪರದೆ ಕಂಬಿಯ ಮೇಲೆ ಓಡಾಡಿಸಿಕೊಂಡು, ಅದರ ಜೊತೆ ಸಂಸಾರ ಹೂಡಿದವಳು ಇಡೀ ಓಣಿಗೆ ಮಿಮಿನ್ ಒಬ್ಬಳೇ.

ಅವಳಿಗೆ ನಲವತ್ತೊಂಬತ್ತು. ಹನ್ನೆರಡು ವರ್ಷದ ಹಿಂದೆ ಚಿರೆಬೋನಿಗೆ ಕೆಲಸಕ್ಕೆಂದು ಹೋದ ಗಂಡ ಅಲ್ಲೇ ಇನ್ನೊಂದು ಮನೆ ಮಾಡಿದ. ಮಕ್ಕಳಿಲ್ಲ. ಎರಡು ಕೋಣೆಯ ಮನೆ; ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು, ಹೆಂಗಸರು ನಮಾಜಿಗೆ ಹೊದೆಯುವ ಬಿಳಿ ಮುಸುಕು ಹೊಲಿಯುತ್ತಾಳೆ. ಹೊಲಿಗೆ ಚೊಕ್ಕ, ಮಾತು ಕಮ್ಮಿ. ಗಂಡ ಬಿಟ್ಟುಹೋದ ಹೊಸದರಲ್ಲಿ ನಾಲ್ಕು ಹೆಂಗಸರು ಸೇರಿದ ಕಡೆಯೆಲ್ಲ ಇವಳನ್ನು ಕಂಡು ಅಯ್ಯೋ ಪಾಪ ಅನ್ನುತ್ತಿದ್ದರು. ಆ ಅಯ್ಯೋ ಪಾಪವನ್ನು ತಾಳಲಾರದೆ ಇವಳು ಹೋಗುವುದು ಬಿಟ್ಟಳು, ಆಮೇಲೆ ಅವರು ಕರೆಯುವುದು ಬಿಟ್ಟರು. ಯಾರ ತಪ್ಪೂ ಅಲ್ಲ ಅನ್ನಬಹುದು. ನನ್ನನ್ನು ಕೇಳಿದರೆ ಎಲ್ಲರದ್ದೂ ತಪ್ಪೇ.

ಗೋಸುಂಬೆಯನ್ನು ಕೊಟ್ಟವಳು ಓಣಿಯ ತುದಿಯ ಬಾಡಿಗೆ ಕೋಣೆಯಲ್ಲಿದ್ದ ಕಾಲೇಜು ಹುಡುಗಿ. ಓದು ಮುಗಿಸಿ ಮಕಾಸರಿಗೆ ಹೊರಟವಳು ಜಾಲರಿ ಗೂಡಿನ ಸಮೇತ ತಂದಿಟ್ಟು, ಹೇಗೂ ನೀವು ದಿನವಿಡೀ ಮನೆಯಲ್ಲೇ ಇರುತ್ತೀರಲ್ಲ ಎಂದಳು. ಮಾತು ಚುಚ್ಚಿತು, ಆದರೂ ಮಿಮಿನ್ ಬೇಡ ಅನ್ನಲಿಲ್ಲ. ಗೇಣುದ್ದದ ಹೆಣ್ಣು. ಹಸಿರು ಮೈ, ನೆತ್ತಿಯ ಮೇಲೆ ಟೋಪಿಯಂತೆ ಎದ್ದ ಮೂಳೆ, ಒಂದು ಇತ್ತ ನೋಡಿದರೆ ಇನ್ನೊಂದು ಅತ್ತ ನೋಡುವ ಕಣ್ಣು. ಮಿಮಿನ್ ಅದಕ್ಕೆ ನೆಂಗ್ ಎಂದು ಹೆಸರಿಟ್ಟಳು. ಮಗಳೊಬ್ಬಳು ಇದ್ದಿದ್ದರೆ ಹಾಗೇ ಕರೆಯುತ್ತಿದ್ದಳು. ಮೂರು ದಿನ ಅದು ಜಾಲರಿ ಹಿಡಿದು ಮೇಲೆ ಕೆಳಗೆ ಅಲೆಯುವುದನ್ನು ನೋಡಿದಳು. ನಾಲ್ಕನೆಯ ದಿನ ಕರುಳು ಚುರುಕ್ ಎಂದು ಗೂಡಿನ ಬಾಗಿಲು ತೆಗೆದಳು.

ಅಲ್ಲಿಂದ ಮನೆ ಅದರದ್ದಾಯಿತು. ರೆಕ್ಕೆಗೆ ಸಿಕ್ಕೀತೆಂದು ಫ್ಯಾನ್ ಹಾಕುವುದು ನಿಂತಿತು, ಬೆಕ್ಕು ನುಗ್ಗೀತೆಂದು ಕಿಟಕಿ ಮುಚ್ಚಿತು. ಬಾಗಿಲು ಹಾಕುವ ಮುಂಚೆ ಸಂದಿ ನೋಡಬೇಕು, ಕೂರುವ ಮುಂಚೆ ಕುರ್ಚಿ ನೋಡಬೇಕು. ಬಟ್ಟಲಿನ ನೀರು ಅದರ ಲೆಕ್ಕಕ್ಕೆ ನೀರೇ ಅಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುವ ಜಾತಿ. ಅದಕ್ಕಾಗಿ ಕಿಟಕಿಯ ಬಳಿ ದಾಸವಾಳದ ಕುಂಡ ಬಂತು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ದಿನಕ್ಕೆ ಮೂರು ಸಲ ಎಲೆಗಳಿಗೆ ಸ್ನಾನ. ಹೊಲಿದಿಟ್ಟ ಬಿಳಿ ಬಟ್ಟೆಯ ಮೇಲೆ ಅದು ಗಲೀಜು ಮಾಡಿದರೆ ತುಟಿಪಿಟಿಕ್ಕೆನ್ನದೆ ಒಗೆದು ಹಾಕುವಳು. ಕಟ್ಟಿಕೊಂಡ ಗಂಡನಿಗೂ ಅಷ್ಟು ಸಹನೆ ತೋರಿಸಿರಲಿಕ್ಕಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ನೆಂಗ್ ಪರದೆ ಹಿಡಿದು ನೆಲಕ್ಕಿಳಿಯಿತು. ಹೆಜ್ಜೆ ಇಡಲೋ ಬೇಡವೋ ಎಂದು ತೂಗಾಡುತ್ತ, ಕೋಣೆಯ ಆ ಕೊನೆಯಿಂದ ಈ ಕೊನೆಗೆ ಬಂದು, ಮಿಷನ್ ತುಳಿಯುತ್ತಿದ್ದ ಮಿಮಿನಳ ಪಾದದ ಮೇಲೆ ಮುಂಗೈ ಇಟ್ಟಿತು. ಹಸಿರು ಮೈಮೇಲೆ ನೀಲಿ ಹಳದಿ ಚುಕ್ಕೆಗಳು ಎದ್ದಿದ್ದವು. ಮಿಮಿನ್ ಮಿಷನ್ ನಿಲ್ಲಿಸಿದಳು. ಎಷ್ಟೋ ವರ್ಷದಿಂದ ಅವಳ ಹತ್ತಿರ ಬಂದವರೆಲ್ಲ ಅಳತೆ ಕೊಡಲಿಕ್ಕೆ ಬಂದವರು, ಇಲ್ಲವೇ ಬಟ್ಟೆ ಒಯ್ಯಲಿಕ್ಕೆ ಬಂದವರು. ಬರೀ ಅವಳಿಗಾಗಿ ಬಂದ ಜೀವ ಇದೊಂದೇ ಎಂದು ಅನ್ನಿಸಿತು. ಮರುದಿನವೂ ಬಂತು, ಅದರ ಮರುದಿನವೂ ಬಂತು.

ಎದುರುಮನೆಯ ಪೊಪೊನ್ ಮುಸುಕು ಒಯ್ಯಲು ಬಂದಾಗ ಮಿಮಿನ್ ಇದನ್ನು ಹೇಳಿಯೇಬಿಟ್ಟಳು, ನನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂದು. ಪೊಪೊನ್ ಅಂಟಕ್ಕಿ ಸಂಡಿಗೆ ಮಾಡಿ ಮಾರುವವಳು, ದೊಡ್ಡ ಬಾಯಿ, ದೊಡ್ಡ ನಗು. ಹೊಸ್ತಿಲಿನಿಂದ ಒಳಗೆ ಕಾಲಿಡಲು ಮಾತ್ರ ಅವಳಿಗೆ ಧೈರ್ಯವಿಲ್ಲ. ಮನುಷ್ಯರಲ್ಲೇ ಬೇಕಾದಷ್ಟು ಗೋಸುಂಬೆಗಳಿರುವಾಗ ಕಾಡಿನದ್ದನ್ನು ಯಾಕೆ ತಂದಿಟ್ಟುಕೊಂಡೆ ಎಂದು ನಕ್ಕು ಹೋದಳು. ಮಿಮಿನಳಿಗೆ ಅವಮಾನವಾಯಿತು. ಇನ್ನು ಯಾರ ಹತ್ತಿರವೂ ಹೇಳಬಾರದು ಎಂದುಕೊಂಡಳು.

ಆ ವಾರ ಲೆಂಬಾಂಗಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ತಪ್ಪಿಸುವ ಹಾಗಿಲ್ಲದೆ ಹೋಗಿ ಸಂಜೆ ಬಂದಳು. ಮಾರನೆಯ ದಿನ ನೆಂಗ್ ತನ್ನ ದಿನದ ಊಟವಾದ ಮಿಡತೆಯನ್ನು ಮುಟ್ಟಲಿಲ್ಲ. ಬಿಟ್ಟುಹೋದೆನೆಂದು ಮುನಿಸು, ಇನ್ನೇನು! ಮಿಮಿನ್ ಕುಂಡದ ಮುಂದೆ ಕೂತು ಸಮಾಧಾನ ಮಾಡಿದಳು, ಇನ್ನೆಲ್ಲಿಗೂ ಹೋಗಲ್ಲ ಎಂದು ಮಾತು ಕೊಟ್ಟಳು. ತರಕಾರಿಯವನು ಬಂದರೂ ಬಾಗಿಲಿಗೆ ಹೋಗಲಿಲ್ಲ. ಅದು ಮಾತ್ರ ತಿನ್ನಲಿಲ್ಲ. ದಿನವಿಡೀ ನೆಲದ ಮೇಲೆ ಅಲೆಯಿತು, ಮೂಲೆ ಮೂಲೆ ಕೆರೆಯಿತು, ನಡುನಡುವೆ ಅವಳ ಪಾದದ ಬಳಿ ಬಂದು ನಿಂತಿತು. ಐದನೆಯ ಬೆಳಿಗ್ಗೆ ಕಣ್ಣು ಗುಳಿಬಿದ್ದು, ಮೈ ಕಪ್ಪಾಗಿ, ಮಿಷನ್ ಕಾಲಿನ ಪಕ್ಕ ಬಿದ್ದುಕೊಂಡಿತ್ತು. ಬುಟ್ಟಿಗೆ ಬಟ್ಟೆ ಹಾಸಿ ಅದನ್ನು ಮಲಗಿಸಿಕೊಂಡು ಮಿಮಿನ್ ಹಕ್ಕಿಸಂತೆಗೆ ಓಡಿದಳು.

ಸಂತೆಯಲ್ಲಿ ಮಿಡತೆ ಮಾರುವ ಉಯುನ್ ಮಾಮ ಹಾವು ಹಲ್ಲಿಗಳ ಸಂಗದಲ್ಲೇ ಮುದುಕನಾದವನು. ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, "ಬಸುರಿ ಕಣಮ್ಮ," ಎಂದ.

ಇದ್ದದ್ದು ಇದೊಂದೇ, ಗಂಡಿಲ್ಲ ಎಂದಳು ಮಿಮಿನ್. ಹುಂಜ ಇಲ್ಲದಿದ್ದರೆ ಕೋಳಿ ಮೊಟ್ಟೆ ಇಡುವುದಿಲ್ಲವೇ, ಇದೂ ಹಾಗೇ, ಮರಿಯಾಗದ ಮೊಟ್ಟೆ ಎಂದ ಅವನು. ಆದರೆ ನೆಲ ತೋಡಿಯೇ ಇಡಬೇಕು, ಮಣ್ಣು ಸಿಗದಿದ್ದರೆ ಒಳಗೇ ಕಟ್ಟಿಕೊಂಡು ಸಾಯುತ್ತದೆ. ಮನೆಯಲ್ಲಿ ಮಣ್ಣೇ ಇಲ್ಲವಾ ಎಂದು ಕೇಳಿದ. ಕುಂಡವಿತ್ತು. ಮಣ್ಣು ಬಿಳಿ ಬಟ್ಟೆಗೆ ತಾಗೀತೆಂದು ಅದರ ಮೇಲೆ ದಪ್ಪಗೆ ಕಲ್ಲು ಹರಡಿದವಳು ಅವಳೇ.

"ಮತ್ತೆ ದಿನಾ ನನ್ನ ಹತ್ರ ಬರ್ತಿತ್ತಲ್ಲ ಮಾಮ? ಕಾಲ ಮೇಲೆ ಕೈ ಇಡ್ತಿತ್ತು."

"ನಿನ್ನ ಹತ್ರ ಅಲ್ಲಮ್ಮ. ನೆಲ ಹುಡುಕ್ತಿತ್ತು. ನಿನ್ನ ಕಾಲು ದಾರಿಗೆ ಅಡ್ಡ ಇತ್ತು, ಅಷ್ಟೆ."

ಒಳ್ಳೆಯ ಮನುಷ್ಯ, ಸುಳ್ಳು ಬರುವುದಿಲ್ಲ. ಮಿಮಿನ್ ಬುಟ್ಟಿಯ ಬಟ್ಟೆ ಸರಿಮಾಡುತ್ತ ತಲೆ ತಗ್ಗಿಸಿದಳು. ಅವನು ಮುಂದುವರಿಸಿ, ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ಸುತ್ತ ಬಟ್ಟೆ ಕಟ್ಟು, ಇನ್ನೂ ಕೈಮೀರಿಲ್ಲ ಎಂದ. ಆಮೇಲೆ ಗಟ್ಟಿಯಾಗಿ ಒಂದು ಮಾತು ಹೇಳಿದ. "ಅದು ತೋಡುವಾಗ ನೀನು ಕಣ್ಣಿಗೆ ಬೀಳ್ಬಾರ್ದು. ಯಾರಾದ್ರೂ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಅರ್ಧಕ್ಕೇ ಬಿಡುತ್ತೆ, ಮತ್ತೆ ತೋಡಲ್ಲ. ಎರಡು ದಿನ ಆ ಮನೇಲಿ ಇರ್ಬೇಡ."

ಇಡೀ ಲೋಕದಲ್ಲಿ ಅವಳಿಗೆ ಇರಲು ಇದ್ದದ್ದು ಆ ಮನೆಯೊಂದೇ. ಆದರೂ ಬಕೆಟ್ ಇಟ್ಟಳು, ಮರಳು ತುಂಬಿದಳು, ಹಳೆಯ ಪರದೆ ಕಟ್ಟಿದಳು. ಮಾರನೆಯ ಬೆಳಿಗ್ಗೆ ಅದು ಕಣ್ಣು ಬಿಡುವ ಮೊದಲೇ, ನಸುಕಿನ ಸುಬುಹ್ ನಮಾಜಿನ ಹೊತ್ತಿಗೆ ಹೊರಬಿದ್ದಳು. ಮಸೀದಿಯ ಜಗಲಿಯಲ್ಲಿ ಕೂತಳು. ನೆಲ ಒರೆಸುವವನು ಬಂದು ಆಚೆ ಸರಿಯಬೇಕೆಂದ. ಮಾರುಕಟ್ಟೆಯನ್ನು ಎರಡು ಸುತ್ತು ಹಾಕಿದಳು. ಯಾರದ್ದಾದರೂ ಮನೆಗೆ ಹೋಗೋಣವೆಂದು ಒಂದೊಂದೇ ಹೆಸರು ನೆನೆದಳು. ಎಲ್ಲ ಬಾಗಿಲಲ್ಲೂ ಯಾಕೆ ಬಂದೆ ಎನ್ನುವುದಕ್ಕೆ ಉತ್ತರ ಬೇಕು. ಕೊನೆಗೆ ಕಾಲು ಸೋತು ವಾಪಸ್ ಓಣಿಗೇ ಬಂದು, ಪೊಪೊನಳ ಸಂಡಿಗೆ ಒಣಗುವ ಬಿದಿರು ತಟ್ಟೆಗಳ ಪಕ್ಕದ ಬೆಂಚಿನ ತುದಿಯಲ್ಲಿ ಕೂತಳು.

ಎದುರಿಗೇ ಮನೆ ಇಟ್ಟುಕೊಂಡು ಬಿಸಿಲಲ್ಲಿ ಯಾಕೆ ಕೂತೆ ಎಂದು ಪೊಪೊನ್ ಕೇಳಿದಳು. ಮಿಮಿನ್ ಇದ್ದದ್ದು ಇದ್ದ ಹಾಗೆ ಹೇಳಿದಳು. ಪೊಪೊನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮದುವೆ ಇಲ್ದೆ ಬಸುರಿ! ಯಾವನೋ ಬಂದು ಉಳ್ಕೊಂಡಿದ್ದಾನೆ ಮಿಮಿನಕ್ಕ. ಇಪ್ಪತ್ನಾಲ್ಕು ಗಂಟೆ ಮೇಲೆ ನೆಂಟ್ರು ಉಳಿದ್ರೆ ಓಣಿ ಯಜಮಾನ್ರಿಗೆ ಹೇಳ್ಬೇಕು ಅಂತ ರೂಲ್ಸ್ ಇದೆಯಲ್ವಾ?"

ಮಿಮಿನಳಿಗೂ ನಗು ಬಂತು, ತಡೆಯಲಾಗಲಿಲ್ಲ. ಪೊಪೊನ್ ಬೆಂದ ಅಂಟಕ್ಕಿಯ ಪಾತ್ರೆಯನ್ನು ನಡುವೆ ತಳ್ಳಿ, ಸುಮ್ಮನೆ ಕೂರುವ ಬದಲು ಕೈ ಹಾಕು ಎಂದಳು. ಹೊಲಿಗೆಯ ಕೈ, ಒಂದೊಂದು ಸಂಡಿಗೆಯೂ ಅಚ್ಚು ಹಾಕಿದಂತೆ ಗುಂಡಗೆ ಬಿತ್ತು. ಓಣಿಯ ಸುದ್ದಿಯೆಲ್ಲ ಕಿವಿಗೆ ಬಿತ್ತು. ಮಧ್ಯಾಹ್ನ ಹುಣಸೆ ಸಾರು, ಕರಿದ ಒಣಮೀನು. ರಾತ್ರಿ ಅದು ನಿದ್ದೆಹೋದ ಮೇಲೆ ಒಳಗೆ ಹೋಗಿ, ದೀಪ ಹಾಕದೆ ಮಲಗಿ, ನಸುಕಿಗೇ ಮತ್ತೆ ಹೊರಬಿದ್ದಳು. ಎರಡನೆಯ ದಿನ ಪೊಪೊನಳೇ ಬೆಂಚಿನ ಮೇಲೆ ಜಾಗ ಬಿಟ್ಟು ಕೂತಿದ್ದಳು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಪಾಪವೆಲ್ಲ ಗೋಸುಂಬೆಗೆ ಹೋಗಿತ್ತು.

ಆ ಸಂಜೆ ಕತ್ತಲಾದ ಮೇಲೆ ಮನೆಗೆ ಬಂದು ದೀಪ ಹಾಕಿದಳು. ಮರಳು ಒತ್ತಿ ಸಮ ಮಾಡಿದ ಹಾಗಿತ್ತು. ನೆಂಗ್ ಮೈಯೆಲ್ಲ ಮರಳಾಗಿ, ಬತ್ತಿದ ಚೀಲದಂತಾಗಿ ಪರದೆ ಕಂಬಿಯ ಮೇಲಿತ್ತು. ಅಗೆದು ನೋಡಿದರೆ ಮೂವತ್ತೊಂದು ಮೊಟ್ಟೆ. ಮಿಮಿನ್ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಬೆಳಿಗ್ಗೆ ಎಲೆಗೆ ನೀರು ಹೊಡೆದಳು. ಅದು ನೆಕ್ಕಿತು, ನೆಕ್ಕುತ್ತಲೇ ಇತ್ತು. ಒಂಬತ್ತು ಮಿಡತೆ ತಿಂದಿತು. ಬದುಕಿತು, ಇನ್ನು ಭಯವಿಲ್ಲ. ಮಿಮಿನ್ ಮಿಷನ್ ಮುಂದೆ ಕೂತಳು. ಮಾಮ ಹೇಳಿದ್ದು ಗೊತ್ತಿತ್ತು, ಮನಸ್ಸು ಮಾತ್ರ ಕೇಳಲಿಲ್ಲ. ನಾಲ್ಕಾಗುವ ಹೊತ್ತಿಗೆ ಹೊಲಿಗೆ ನಿಲ್ಲಿಸಿ ಕಾದಳು. ನಾಲ್ಕು ಹೊಡೆಯಿತು. ನಾಲ್ಕೂವರೆಯಾಯಿತು. ನೆಂಗ್ ಕಂಬಿಯ ಮೇಲೆ ಕಿಟಕಿಯ ಕಡೆಗೆ ತಿರುಗಿ ಹಾಯಾಗಿತ್ತು. ಅದಕ್ಕೆ ಇನ್ನು ಕೆಳಗೆ ಇಳಿಯುವ ಕೆಲಸವಿರಲಿಲ್ಲ.

ಮಿಮಿನ್ ಎದ್ದು ಬಾಗಿಲ ಸಂದಿ ನೋಡಿ, ಬಾಗಿಲು ಹಾಕಿ, ಓಣಿ ದಾಟಿದಳು.

"ಬೆಳಿಗ್ಗೆಯಿಂದ ಕಾಣ್ಲೇ ಇಲ್ಲ," ಎಂದಳು ಪೊಪೊನ್. "ಹೆರಿಗೆ ಆಯ್ತಾ?"

ಮಿಮಿನ್ ಬೆಂಚಿನ ಖಾಲಿ ಜಾಗವನ್ನೊಮ್ಮೆ ನೋಡಿದಳು.

"ಇಲ್ಲ ಪೊಪೊನ್. ಇನ್ನೂ ಆಗಿಲ್ಲ. ಇನ್ನೊಂದೆರಡು ದಿನ ನಾನು ಹೊರಗೇ ಇರ್ಬೇಕಂತೆ."